ಕೋಟ್ಯಧಿಪತಿಗಳ ಕಡಲತೀರಕ್ಕೆ ನಮ್ಮಂಥವರು ಹೋಗಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾವೇರಿ ಕಡೆಯವಳು, ಟೀಚರ್ ಆಗಿದ್ದು ರಿಟೈರ್ ಆಗಿದ್ದೇನೆ. ಮಗಳು ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. ಬರುವ ಸೆಪ್ಟೆಂಬರ್‌ನಲ್ಲಿ ನಾನೂ ನಮ್ಮ ಯಜಮಾನರೂ ಅವಳ ಹತ್ತಿರ ಎರಡು ವಾರ ಇದ್ದು, ಆಮೇಲೆ ಐದು ದಿನ ಫ್ರಾನ್ಸಿನ ದಕ್ಷಿಣ ಕರಾವಳಿಗೆ, ಅಂದರೆ ನೀಸ್, ಕಾನ್, ಮೊನಾಕೊ ಕಡೆ ಹೋಗಿ ಬರುವ ಆಸೆ. ಯಜಮಾನರಿಗೆ ಟೀವಿಯಲ್ಲಿ ನೋಡಿದ ಕಾರ್ ರೇಸಿನ ರಸ್ತೆ ನೋಡಲೇಬೇಕಂತೆ. ಮಗಳು "ಅಮ್ಮಾ, ಅದು ಕೋಟ್ಯಧಿಪತಿಗಳ ಜಾಗ, ಒಂದು ಕಾಫಿಗೆ ಸಾವಿರ ರೂಪಾಯಿ" ಅಂತ ಹೆದರಿಸುತ್ತಾಳೆ. ನಾವು ಶುದ್ಧ ಸಸ್ಯಾಹಾರಿಗಳು. ನಾನು ಉಡುವುದು ಸೀರೆಯೇ. ಇಬ್ಬರಿಗೂ ಈಜು ಬರುವುದಿಲ್ಲ, ಮಂಡಿ ನೋವು ಬೇರೆ. ಹೋಗಬಹುದಾ? ಎಲ್ಲಿ ಉಳಿದುಕೊಳ್ಳಬೇಕು, ಏನು ನೋಡಬೇಕು, ವೀಸಾ ಯಾವ ದೇಶದ್ದು ಮಾಡಿಸಬೇಕು, ದಯವಿಟ್ಟು ತಿಳಿಸಿ.

ಉತ್ತರ: ಹೋಗಬಹುದು ಮೇಡಂ, ಧಾರಾಳವಾಗಿ ಹೋಗಿ. ಮಗಳು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಆ ಕರಾವಳಿಯಲ್ಲಿ ದುಡ್ಡಿದ್ದವರು ದುಡ್ಡು ಸುರಿಯುವುದು ಬೇರೆಯವರ ಕಣ್ಣಿಗೆ ಬೀಳದೆ ಇರೋದಕ್ಕೆ. ಗೇಟು, ಎತ್ತರದ ಬೇಲಿ, ಸ್ವಂತ ಹಡಗು, ಗುಡ್ಡದ ಮೇಲಿನ ಬಂಗಲೆ, ಇವಕ್ಕೆ ಕೋಟಿಗಟ್ಟಲೆ. ಅವರು ನೋಡುವ ಸಮುದ್ರ ಬಸ್ ಸ್ಟಾಪಿನಲ್ಲಿ ನಿಂತವರಿಗೂ ಅಷ್ಟೇ ನೀಲಿಯಾಗಿ ಕಾಣುತ್ತದೆ, ಅದಕ್ಕೆ ಟಿಕೆಟ್ ಇಲ್ಲ. ಹದಿನೈದು ವರ್ಷದಿಂದ ಸಣ್ಣ ಸಣ್ಣ ಗುಂಪುಗಳನ್ನು ಆ ಕಡೆ ಕರೆದುಕೊಂಡು ಹೋಗುತ್ತಿದ್ದೇನೆ. ಬಂದವರಲ್ಲಿ ಜಾಸ್ತಿ ಜನ ನಿಮ್ಮಂಥವರೇ, ಮೇಷ್ಟ್ರುಗಳು, ಬ್ಯಾಂಕಿನವರು, ಮಕ್ಕಳನ್ನು ನೋಡಲು ಬಂದ ಅಪ್ಪ ಅಮ್ಮ. ಯಾರೂ ಸಾಲ ಮಾಡಿಕೊಂಡು ವಾಪಸ್ ಬಂದಿಲ್ಲ.

ಆದರೆ ಒಂದು ತಪ್ಪು ಮಾಡಬಾರದು. ಮೊನಾಕೊದಲ್ಲಿ ರೂಮ್ ಹಿಡಿಯಬೇಡಿ. ಕಾನ್‌ನಲ್ಲೂ ಬೇಡ. ಐದು ದಿನವೂ ನೀಸ್‌ನಲ್ಲೇ ಮಲಗಿ, ಬೆಳಗ್ಗೆ ರೈಲು ಹತ್ತಿ ಹೋಗಿ, ಸಂಜೆ ವಾಪಸ್ ಬನ್ನಿ. ಕರಾವಳಿಯುದ್ದಕ್ಕೂ ರೈಲು ಇದೆ, ಹಗಲು ಹೊತ್ತು ಗಂಟೆಗೆ ಒಂದೆರಡಾದರೂ ಸಿಗುತ್ತವೆ. ನೀಸ್‌ನಿಂದ ಮೊನಾಕೊಗೆ 25 ನಿಮಿಷದೊಳಗೆ, ಟಿಕೆಟ್ ಐದಾರು ಯೂರೋ. ಕಾನ್‌ಗೆ ಅರ್ಧ ಗಂಟೆ ಚಿಲ್ಲರೆ. ಒಂದು ಯೂರೋ ಅಂದರೆ ನೂರು ರೂಪಾಯಿ ಅಂತ ಒರಟಾಗಿ ಲೆಕ್ಕ ಇಟ್ಟುಕೊಳ್ಳಿ. ನೀಸ್‌ನಲ್ಲಿ ಸೆಪ್ಟೆಂಬರ್‌ನಲ್ಲಿ ಸುಮಾರಾದ, ಶುಚಿಯಾದ ಡಬಲ್ ರೂಮು ನೂರರಿಂದ ನೂರೈವತ್ತು ಯೂರೋದೊಳಗೆ ಸಿಗುತ್ತದೆ. ಮೊನಾಕೊದಲ್ಲಿ ಅದೇ ದುಡ್ಡಿಗೆ ರೂಮ್ ಹುಡುಕುವುದೇ ಒಂದು ಕೆಲಸ ಆಗುತ್ತದೆ.

ರೈಲಿನಲ್ಲಿ ಎಲ್ಲಿ ಕೂರಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅರ್ಧ ಪ್ರವಾಸ ಆ ಕಿಟಕಿಯಲ್ಲೇ ಇದೆ. ಮೊನಾಕೊ ಕಡೆ ಹೋಗುವಾಗ ಬಲಗಡೆ, ಕಾನ್ ಕಡೆ ಹೋಗುವಾಗ ಎಡಗಡೆ. ಸುರಂಗ ಮುಗಿಯುತ್ತಿದ್ದ ಹಾಗೇ ಒಮ್ಮೆಗೇ ಸಮುದ್ರ ಬಂದು ಕಣ್ಣಿಗೆ ಹೊಡೆಯುತ್ತದೆ, ಮತ್ತೆ ಸುರಂಗ, ಮತ್ತೆ ಸಮುದ್ರ. ಮೊನಾಕೊ ರೈಲಿನಲ್ಲಿ ಎಡಗಡೆ ಕೂತವರು ಅದೇ ಟಿಕೆಟ್ಟಿಗೆ ಬಂಡೆ ನೋಡಿಕೊಂಡು ಹೋಗುತ್ತಾರೆ.

ರೂಮ್ ಬುಕ್ ಮಾಡುವಾಗ "ಸಮುದ್ರ ಕಾಣುವ ರೂಮು" ಅಂತ ಬರೆದಿದ್ದರೆ ಜಾಸ್ತಿ ಕೊಡಬೇಡಿ. ನನಗೆ ಒಂದು ಸಲ ಹಾಗೆ ಜಾಸ್ತಿ ಕೊಟ್ಟ ರೂಮಿನಲ್ಲಿ ಬಚ್ಚಲುಮನೆಯ ಕಿಟಕಿಯಿಂದ ಮಾತ್ರ ಸಮುದ್ರ ಕಾಣುತ್ತಿತ್ತು, ಅದೂ ಸ್ಟೂಲ್ ಹಾಕಿಕೊಂಡು ನಿಂತರೆ. ನಿಮಗೆ ಮಂಡಿ ನೋವು ಅಂದಿದ್ದೀರಿ. ಹಾಗಾಗಿ ಲಿಫ್ಟ್ ಇದೆಯಾ ಅಂತ ಮೊದಲು ನೋಡಿ, ಹಳೇ ಕಟ್ಟಡಗಳಲ್ಲಿ ಎಷ್ಟೋ ಕಡೆ ಇರುವುದಿಲ್ಲ. ರೈಲ್ವೆ ಸ್ಟೇಷನ್ನಿಗೂ ಜಾನ್ ಮೆಡ್ಸಾಂ ಅನ್ನುವ ದೊಡ್ಡ ಬೀದಿಗೂ ಹತ್ತಿರ ಹಿಡಿದರೆ ಒಳ್ಳೆಯದು. ವಿಮಾನ ನಿಲ್ದಾಣದಿಂದ ಟ್ರಾಮ್ ನೇರ ಊರೊಳಗೆ ಬರುತ್ತದೆ, ಟ್ಯಾಕ್ಸಿ ಬೇಕಿಲ್ಲ.

ಇನ್ನು ನೀಸ್. ಇದು ಫ್ರಾನ್ಸಿಗೆ ಕಾಯಂ ಆಗಿ ಸೇರಿದ್ದೇ 1860ರಲ್ಲಿ, ಅದಕ್ಕೆ ಮುಂಚೆ ಇಟಲಿ ಕಡೆಯ ಸಾರ್ಡೀನಿಯಾ ರಾಜ್ಯದ್ದು. ಇಟಲಿಯನ್ನು ಒಂದು ಮಾಡಿದ ಗ್ಯಾರಿಬಾಲ್ಡಿ ಹುಟ್ಟಿದ್ದು ಇಲ್ಲೇ, 1807ರಲ್ಲಿ. ಅದಕ್ಕೇ ಹಳೇ ಪೇಟೆಯ ಮನೆಗಳ ಕಾವಿ, ಹಳದಿ ಬಣ್ಣ, ಇಕ್ಕಟ್ಟು ಗಲ್ಲಿ, ಮೇಲೆ ಒಣಗುವ ಬಟ್ಟೆ, ಎಲ್ಲ ಇಟಲಿಯ ಹಾಗೇ ಇದೆ. ಇನ್ನೊಂದು ತಮಾಷೆ ಅಂದರೆ ಈ ಊರಿಗೆ ಶ್ರೀಮಂತರು ಮೊದಲು ಬರುತ್ತಿದ್ದುದು ಬೇಸಿಗೆಗಲ್ಲ, ಚಳಿಗಾಲಕ್ಕೆ. ಲಂಡನ್ನಿನ ಮಂಜು, ಕೆಮ್ಮು ತಪ್ಪಿಸಿಕೊಳ್ಳಲು ಇಂಗ್ಲಿಷರು ಬಂದು ತಿಂಗಳುಗಟ್ಟಲೆ ಇರುತ್ತಿದ್ದರು. ಸಮುದ್ರದ ಪಕ್ಕ ಏಳು ಕಿಲೋಮೀಟರ್ ಉದ್ದದ ಓಡಾಡುವ ದಾರಿ ಇದೆಯಲ್ಲ, ಅದರ ಹೆಸರೇ "ಇಂಗ್ಲಿಷರ ವಾಯುವಿಹಾರ" ಅಂತ, ಪ್ರೊಮನಾಡ್ ದೆಜಾಂಗ್ಲೆ. 1820ರ ದಶಕದಲ್ಲಿ ಅವರೇ ದುಡ್ಡು ಹಾಕಿ ಶುರು ಮಾಡಿದ್ದು. ವಿಕ್ಟೋರಿಯಾ ರಾಣಿ ಕೂಡ 1890ರ ದಶಕದಲ್ಲಿ ಊರಿನ ಮೇಲ್ಭಾಗದ ಸಿಮಿಯೆ ಗುಡ್ಡದಲ್ಲಿ ಬಂದು ತಂಗುತ್ತಿದ್ದಳು, ಜೊತೆಗೆ ಹಿಂದೂಸ್ತಾನಿ ಕಲಿಸಲು ಇಟ್ಟುಕೊಂಡಿದ್ದ ಆಗ್ರಾ ಕಡೆಯ ಮುನ್ಷಿ ಅಬ್ದುಲ್ ಕರೀಂ. ಬೇಸಿಗೆಯಲ್ಲಿ ಬಿಸಿಲಿಗೆ ಮೈ ಒಡ್ಡಿ ಮಲಗುವ ಶೋಕಿ ಬಂದಿದ್ದು 1920ರ ದಶಕದಿಂದ ಈಚೆಗೆ. 2021ರಲ್ಲಿ ಯುನೆಸ್ಕೊ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಚಳಿಗಾಲದ ಊರು ಅನ್ನುವ ಲೆಕ್ಕದಲ್ಲೇ.

ಆ ದಾರಿಯ ಮೇಲೆ ನೀಲಿ ಕುರ್ಚಿಗಳಿವೆ. ಯಾರು ಬೇಕಾದರೂ ಕೂರಬಹುದು, ಎದ್ದು ಹೋಗಿ ಅನ್ನುವವರಿಲ್ಲ. ಸಂಜೆ ಆರರ ಮೇಲೆ ಒಂದು ಕುರ್ಚಿ ಹಿಡಿದು ಕೂತುಬಿಡಿ. ಕೆಳಗೆ ಮರಳಿಲ್ಲ, ಬರೀ ಕಲ್ಲು. ಕೋಳಿಮೊಟ್ಟೆಯಿಂದ ಅಂಗೈಯಷ್ಟರ ತನಕ, ಬೂದು ಬಣ್ಣದ, ಉಜ್ಜಿ ಉಜ್ಜಿ ನುಣುಪಾದ ಕಲ್ಲುಗಳು. ಅಲೆ ಬರುವಾಗ ಅಷ್ಟೇನೂ ಸದ್ದಿಲ್ಲ. ಹಿಂದೆ ಸರಿಯುವಾಗ ಲಕ್ಷ ಕಲ್ಲು ಒಟ್ಟಿಗೆ ಉರುಳಿ, ಒನಕೆ ಕುಟ್ಟಿದ ಭತ್ತವನ್ನು ಮೊರದಲ್ಲಿ ಕೇರಿದ ಹಾಗೆ ಜರ್ರ್ ಅನ್ನುತ್ತದೆ. ಗೋಕರ್ಣ, ಮಲ್ಪೆ ನೋಡಿದವರಿಗೆ ಈ ಸಮುದ್ರ ವಿಚಿತ್ರ ಅನ್ನಿಸುತ್ತದೆ. ಭರತ ಇಳಿತ ಅಂತ ಹೇಳಿಕೊಳ್ಳುವಂಥದ್ದು ಏನಿಲ್ಲ, ಬೆಳಗ್ಗೆ ನೀರು ಎಲ್ಲಿತ್ತೋ ಸಂಜೆಯೂ ಹೆಚ್ಚುಕಡಿಮೆ ಅಲ್ಲೇ. ಉಪ್ಪು ಮಾತ್ರ ಜಾಸ್ತಿ, ಲೀಟರಿಗೆ 38 ಗ್ರಾಂ ಹತ್ತಿರ. ಬೇರೆ ಸಾಗರಗಳಲ್ಲಿ ಸಾಮಾನ್ಯವಾಗಿ 35. ಸುತ್ತ ನೆಲ ಮುಚ್ಚಿಕೊಂಡಿರುವ ಸಮುದ್ರ, ಆವಿಯಾಗಿ ಹೋಗುವಷ್ಟು ನೀರು ನದಿಗಳಿಂದ ಬಂದು ಸೇರುವುದಿಲ್ಲ, ಅದಕ್ಕೆ.

ಈಜು ಬರೋಲ್ಲ ಅಂದಿರಲ್ಲ, ಇದನ್ನು ಗಮನವಿಟ್ಟು ಓದಿ. ನೀಸ್‌ನ ತೀರ ನೋಡಲು ಶಾಂತ, ಆದರೆ ನಾಲ್ಕೈದು ಹೆಜ್ಜೆ ಇಡುವಷ್ಟರಲ್ಲಿ ಕಾಲು ನೆಲಕ್ಕೆ ಸಿಗುವುದಿಲ್ಲ, ಅಷ್ಟು ಕಡಿದಾದ ಇಳಿಜಾರು. ಕಲ್ಲು ಕೂಡ ಕಾಲಡಿಯಿಂದ ಜಾರುತ್ತದೆ. ಅಲ್ಲಿ ಪಾದ ಒದ್ದೆ ಮಾಡಿಕೊಂಡರೆ ಸಾಕು. ನೀರಿನಲ್ಲಿ ಆಟ ಆಡಲೇಬೇಕು ಅಂದರೆ ಮುಂದಿನ ಊರು ವಿಲ್‌ಫ್ರಾಂಶ್‌ಗೆ ಹೋಗಿ, ರೈಲಿನಲ್ಲಿ ಏಳೆಂಟು ನಿಮಿಷ. ಸ್ಟೇಷನ್ನಿನಿಂದ ಮೆಟ್ಟಿಲು ಇಳಿದರೆ ನೇರ ಮರಳಿಗೇ ಕಾಲಿಡುತ್ತೀರಿ. ಕೊಲ್ಲಿಯೊಳಗೆ ಇರುವುದರಿಂದ ಅಲೆ ಕಡಿಮೆ, ಇಳಿಜಾರೂ ನಿಧಾನ. ಸೆಪ್ಟೆಂಬರ್‌ನಲ್ಲಿ ನೀರು ಇನ್ನೂ ಬೆಚ್ಚಗಿರುತ್ತದೆ, ಬೇಸಿಗೆಯೆಲ್ಲ ಕಾದಿರುತ್ತದಲ್ಲ. ನೀವು ಆರಿಸಿಕೊಂಡ ತಿಂಗಳು ಸರಿಯಾಗೇ ಇದೆ, ಜುಲೈ ಆಗಸ್ಟಿನ ಜಾತ್ರೆ ಮುಗಿದಿರುತ್ತದೆ. ಆದರೆ ತಿಂಗಳ ಮೊದಲ ಅರ್ಧದಲ್ಲೇ ಹೋಗಿ. ಕೊನೆ ವಾರದ ಹೊತ್ತಿಗೆ ಒಮ್ಮೊಮ್ಮೆ ಗುಡುಗು ಮಳೆ ಜೋರಾಗಿ ಹಿಡಿಯುತ್ತದೆ. ಅದೇ ಹೊತ್ತಿಗೆ ಮೊನಾಕೊದಲ್ಲಿ ವಿಲಾಸಿ ಹಡಗುಗಳ ದೊಡ್ಡ ಮೇಳವೂ ನಡೆಯುವುದರಿಂದ ಅಕ್ಕಪಕ್ಕದ ರೂಮುಗಳ ರೇಟು ಏರುತ್ತದೆ.

ಸಾಲಾಗಿ ಒಂದೇ ಬಣ್ಣದ ಕೊಡೆ, ಹಾಸಿಗೆ ಹಾಕಿದ ಜಾಗಗಳು ಕಾಣುತ್ತವೆ. ಅವು ಖಾಸಗಿಯವರು ಗುತ್ತಿಗೆ ಹಿಡಿದದ್ದು, ಒಂದು ಮಲಗುವ ಕುರ್ಚಿಗೇ ಇಪ್ಪತ್ತು ಮೂವತ್ತು ಯೂರೋ, ಕೆಲವು ಕಡೆ ಅದಕ್ಕಿಂತ ಜಾಸ್ತಿ. ಹೆದರಬೇಡಿ. ಫ್ರಾನ್ಸಿನ ಕಾನೂನಿನಲ್ಲಿ ಸಮುದ್ರತೀರ ಸಾರ್ವಜನಿಕರದು, ನೀರಿನ ಅಂಚಿನಲ್ಲಿ ಯಾರು ಬೇಕಾದರೂ ನಡೆದು ಹೋಗಬಹುದು. ಪಕ್ಕದಲ್ಲೇ ಬಿಟ್ಟಿ ಜಾಗ ಇರುತ್ತದೆ, ಟವೆಲ್ ಹಾಸಿ ಕೂತರೆ ಆಯಿತು.

ಊಟದ ವಿಷಯಕ್ಕೆ ಬರೋಣ, ನಿಮಗಿರುವ ನಿಜವಾದ ಚಿಂತೆ ಅದೇ ಅಲ್ವಾ. ಇಲ್ಲಿ ನಿಮಗೊಂದು ಖುಷಿಯ ಸುದ್ದಿ ಇದೆ. ನೀಸ್‌ನ ಬೀದಿ ತಿಂಡಿ ಕಡಲೆಹಿಟ್ಟಿನ ದೋಸೆ! ಸೊಕ್ಕಾ ಅಂತ ಕರೆಯುತ್ತಾರೆ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಮೊಟ್ಟೆ ಇಲ್ಲ, ಹಾಲೂ ಇಲ್ಲ. ಮದುವೆ ಮನೆಯ ಹರಿವಾಣದಷ್ಟು ಅಗಲದ ತಾಮ್ರದ ತಟ್ಟೆಗೆ ಹಿಟ್ಟನ್ನು ನೀರುದೋಸೆಯ ಹದದಲ್ಲಿ ಸುರಿದು, ಸೌದೆ ಒಲೆಯ ಗೂಡಿನೊಳಗೆ ತಳ್ಳುತ್ತಾರೆ. ಕೆಲವೇ ನಿಮಿಷ. ಹೊರಗೆ ಎಳೆದಾಗ ಮೇಲೆಲ್ಲ ಕಪ್ಪು ಚುಕ್ಕೆ, ಅಂಚು ಗರಿಗರಿ, ನಡುವೆ ಮೆತ್ತಗೆ. ಚಾಕುವಿನಿಂದ ಅಂದಾಜಿಗೆ ಹರಿದು ಹರಿದು ತುಂಡು ಮಾಡಿ, ಮೇಲೆ ಕರಿಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ಕೈಯಲ್ಲೇ ತಿನ್ನುವುದು, ಬಿಸಿ ಇರುವಾಗಲೇ ತಿನ್ನಬೇಕು, ಆರಿದರೆ ರಬ್ಬರು. ಮೂರು ನಾಲ್ಕು ಯೂರೋ ಆಗುತ್ತದೆ. ಖಾರ ಇಲ್ಲ, ಹುಳಿ ಇಲ್ಲ ಅಂತ ಮೊದಲ ಸಲ ಎಲ್ಲರೂ ಮುಖ ಕಿವುಚುತ್ತಾರೆ. ನಮ್ಮ ಗುಂಪಿನಲ್ಲಿ ಬಂದಿದ್ದ ಒಬ್ಬ ಅಜ್ಜಿ ಸೆರಗಿನ ಗಂಟಿನಿಂದ ಶೇಂಗಾ ಚಟ್ನಿಪುಡಿಯ ಪೊಟ್ಟಣ ಬಿಚ್ಚಿ ಹಚ್ಚಿಕೊಂಡು ತಿಂದರು. ಆಮೇಲೆ ಆ ಪೊಟ್ಟಣ ಹತ್ತು ಜನರ ಕೈ ದಾಟಿ ಖಾಲಿಯಾಗಿ ವಾಪಸ್ ಬಂತು. ನೀವೂ ಒಂದು ಡಬ್ಬಿ ಇಟ್ಟುಕೊಳ್ಳಿ.

ಹಾಗಂತ ಮಗಳಿಗೆ ಧಾರವಾಡ ಪೇಡ, ಮನೆಯ ತುಪ್ಪ ಅಂತ ತುಂಬಿಕೊಂಡು ಹೋಗಬೇಡಿ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಲಗೇಜಿನಲ್ಲಿ ತರುವುದಕ್ಕೆ ಯುರೋಪಿಯನ್ ಯೂನಿಯನ್‌ನಲ್ಲಿ ನಿಷೇಧ ಇದೆ. ಹಿಡಿದರೆ ಕಣ್ಣೆದುರೇ ಕಸದ ಡಬ್ಬಿಗೆ ಹಾಕುತ್ತಾರೆ, ನೋಡೋದಕ್ಕಾಗಲ್ಲ.

ಎಚ್ಚರ ಇರಬೇಕಾದದ್ದು ಆಂಶೊವಿ ಅನ್ನುವ ಸಣ್ಣ ಉಪ್ಪು ಮೀನಿನ ಬಗ್ಗೆ. ಅಲ್ಲಿಯವರಿಗೆ ಅದು ಮೀನೇ ಅಲ್ಲ, ಉಪ್ಪಿನಕಾಯಿ ಇದ್ದ ಹಾಗೆ. ಪಿಸ್ಸಲಾದಿಯೇರ್ ಅಂತ ಈರುಳ್ಳಿ ಹಾಕಿದ ರೊಟ್ಟಿ ಇದೆ, ನೋಡಿದರೆ ಪೂರ್ತಿ ಸಸ್ಯಾಹಾರ. ಅದರಲ್ಲಿ ಈ ಮೀನು ಇದ್ದೇ ಇರುತ್ತದೆ. ನೀಸ್ ಸಲಾಡ್ ಕೂಡ ಹಾಗೇ, ಮೊಟ್ಟೆಯೂ ಇರುತ್ತದೆ. ಫಾರ್ಸಿ ಅಂತ ಟೊಮ್ಯಾಟೊ, ಕುಂಬಳದ ಜಾತಿಯ ತರಕಾರಿಗಳ ಒಳಗೆ ತುಂಬಿದ್ದು ಮಾಂಸ. ನಂಬಿ ತಿನ್ನಬಹುದಾದ್ದು ಬದನೆಕಾಯಿ, ಟೊಮ್ಯಾಟೊ, ದೊಣ್ಣೆಮೆಣಸಿನಕಾಯಿ ಬೇಯಿಸಿದ ರಟಟೂಯಿ, ಅದು ನೀಸ್‌ನದ್ದೇ ಪಲ್ಯ. "ಸಾಂ ವಿಯಾಂದ್, ಸಾಂ ಪ್ವಾಸೋಂ", ಅಂದರೆ ಮಾಂಸ ಬೇಡ, ಮೀನು ಬೇಡ. ಇದನ್ನು ಒಂದು ಚೀಟಿಯಲ್ಲಿ ಫ್ರೆಂಚಿನಲ್ಲೇ ಬರೆಸಿಕೊಂಡು ಕೈಯಲ್ಲಿಡಿ, ಮಗಳಿಗೆ ಹೇಳಿದರೆ ಮಾಡಿಕೊಡುತ್ತಾಳೆ. ಹೋಟೆಲಿನಲ್ಲಿ ಬಾಟಲಿ ನೀರು ಬೇಡ, "ಕರಾಫ್ ದೋ" ಅನ್ನಿ. ಊಟದ ಜೊತೆ ನಲ್ಲಿ ನೀರು ಬಿಟ್ಟಿ ಕೊಡಲೇಬೇಕು, ಕುಡಿಯಲೂ ಚೆನ್ನಾಗಿದೆ. ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ಊಟ ಮುಗಿಸಿ. ಮೂರು ಗಂಟೆಗೆ ಹೋಗಿ ಊಟ ಇದೆಯಾ ಅಂದರೆ ಬೇಸರದ ಮುಖ ನೋಡಬೇಕಾಗುತ್ತದೆ. ಇನ್ನೊಂದು, ಅಂಗಡಿಯೊಳಗೆ ಕಾಲಿಟ್ಟ ತಕ್ಷಣ "ಬೊಂಜೂರ್" ಅನ್ನಲೇಬೇಕು. ಅದನ್ನು ಹೇಳದೆ ನೇರ ರೇಟು ಕೇಳಿದರೆ ಅವರ ಲೆಕ್ಕದಲ್ಲಿ ನೀವು ಒರಟರು. ಫ್ರೆಂಚರು ಜಂಬದವರು ಅಂತ ಬೈಯುವ ನಮ್ಮವರಲ್ಲಿ ಅರ್ಧ ಜನ ಈ ಒಂದು ಮಾತು ಹೇಳದೆ ಇದ್ದವರು.

ಹಳೇ ಪೇಟೆಯ ಕೂರ್ ಸಾಲೆಯಾ ಮಾರುಕಟ್ಟೆಗೆ ಬೆಳಗ್ಗೆಯೇ ಹೋಗಿ, ಹೂವು, ತರಕಾರಿ, ಹಣ್ಣು. ಸೋಮವಾರ ಮಾತ್ರ ಹಳೇ ಸಾಮಾನಿನ ಸಂತೆ. ಅಲ್ಲಿಂದ ಗುಡ್ಡ ಕಾಣುತ್ತದೆ, ಕೋಟೆ ಗುಡ್ಡ ಅಂತ ಹೆಸರು, ಕೋಟೆ ಮಾತ್ರ ಇಲ್ಲ. 1706ರಲ್ಲಿ ಹದಿನಾಲ್ಕನೇ ಲೂಯಿ ಕೆಡವಿಸಿಬಿಟ್ಟ. ಮೆಟ್ಟಿಲು ನೋಡಿ ಗಾಬರಿ ಆಗಬೇಡಿ, ಪಕ್ಕದಲ್ಲೇ ಬಿಟ್ಟಿ ಲಿಫ್ಟ್ ಇದೆ. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಆ ಗುಡ್ಡದಿಂದ ಢಂ ಅಂತ ಒಂದು ಸದ್ದು ಬರುತ್ತದೆ, ಹೊಸಬರು ಬೆಚ್ಚಿ ಬೀಳುತ್ತಾರೆ. 1860ರ ದಶಕದಲ್ಲಿ ಇಲ್ಲಿದ್ದ ಒಬ್ಬ ಸ್ಕಾಟಿಷ್ ಸಾಹೇಬ, ಹರಟೆಗೆ ನಿಂತು ಹೊತ್ತಿಗೆ ಸರಿಯಾಗಿ ಊಟಕ್ಕೆ ಬಾರದ ಹೆಂಡತಿಯನ್ನು ಕರೆಯಲು ಈ ತೋಪು ಶುರು ಮಾಡಿಸಿದ ಅಂತ ಊರವರು ಕಥೆ ಹೇಳುತ್ತಾರೆ. ಅವನು ಹೋದ, ತೋಪು ಉಳಿಯಿತು.

ಈಗ ಯಜಮಾನರ ಮೊನಾಕೊ. ಬೇರೆ ದೇಶವೇ, ಆದರೆ ಗಡಿಯಲ್ಲಿ ಯಾರೂ ನಿಲ್ಲಿಸುವುದಿಲ್ಲ, ಬೇರೆ ವೀಸಾ ಬೇಕಿಲ್ಲ, ನಡೆಯುವುದೂ ಯೂರೋನೇ. ದೇಶ ಅಂದರೆ ಎಷ್ಟು ದೊಡ್ಡದು ಗೊತ್ತಾ? ಎರಡು ಚದರ ಕಿಲೋಮೀಟರ್ ಚಿಲ್ಲರೆ. ಬೆಂಗಳೂರಿನ ಲಾಲ್‌ಬಾಗ್ ಎರಡು ಜೋಡಿಸಿದರೆ ಒಂದು ಮೊನಾಕೊ. ಅದರಲ್ಲೇ ಸುಮಾರು 39 ಸಾವಿರ ಜನ, ಅವರಲ್ಲಿ ಅಲ್ಲಿನ ಪ್ರಜೆಗಳು ಕಾಲು ಭಾಗ ಮಾತ್ರ, ಉಳಿದವರು ಹೊರಗಿನಿಂದ ಬಂದು ನೆಲೆಸಿದವರು. ಜಾಗ ಸಾಲದೆ ಸಮುದ್ರಕ್ಕೇ ಮಣ್ಣು ತುಂಬಿ ತುಂಬಿ ಬೆಳೆದಿದೆ, ಈಚೆಗೆ 2024ರಲ್ಲೂ ಆರು ಹೆಕ್ಟೇರ್ ಹೊಸ ಬಡಾವಣೆ ಉದ್ಘಾಟನೆ ಆಯಿತು.

ಈ ಪುಟ್ಟ ರಾಜ್ಯಕ್ಕೆ ಇಷ್ಟು ದುಡ್ಡು ಎಲ್ಲಿಂದ ಬಂತು ಅನ್ನುವುದು ಟೀಚರ್ ಆದ ನಿಮಗೆ ಇಷ್ಟ ಆಗುವ ಕಥೆ. ಗ್ರಿಮಾಲ್ಡಿ ಮನೆತನದ ಒಬ್ಬ 1297ರಲ್ಲಿ ಸನ್ಯಾಸಿ ವೇಷದಲ್ಲಿ ಬಂದು ಬಂಡೆಯ ಮೇಲಿನ ಕೋಟೆ ಹಿಡಿದನಂತೆ, ಇವತ್ತಿಗೂ ಅವರ ಲಾಂಛನದಲ್ಲಿ ಕತ್ತಿ ಹಿಡಿದ ಸನ್ಯಾಸಿಗಳಿದ್ದಾರೆ. ಆದರೆ ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಈ ರಾಜರು ಹೆಚ್ಚುಕಡಿಮೆ ದಿವಾಳಿ ಎದ್ದಿದ್ದರು. ನಿಂಬೆ, ಆಲಿವ್ ಬೆಳೆಯುವ ಎರಡು ಊರುಗಳು, ಮಾಂತೋಂ ಮತ್ತು ರೋಕ್‌ಬ್ರೂನ್, ತೆರಿಗೆ ತಾಳಲಾರದೆ 1848ರಲ್ಲಿ ಸಿಡಿದು ಹೊರಗೆ ಹೋದವು. ನೆಲದ ಬಹುಪಾಲು ಅವೇ. ಅವುಗಳ ಮೇಲಿನ ಹಕ್ಕನ್ನು 1861ರಲ್ಲಿ ನಲವತ್ತು ಲಕ್ಷ ಫ್ರಾಂಕಿಗೆ ಫ್ರಾನ್ಸಿಗೆ ಬಿಟ್ಟುಕೊಟ್ಟದ್ದಾಯಿತು. ಉಳಿದದ್ದು ಒಂದು ಬಂಡೆ, ಒಂದು ಬಂದರು. ಆಗ ರಾಜ ಮೂರನೇ ಶಾರ್ಲ್ ಮಾಡಿದ ಉಪಾಯ ಜೂಜು. ಆ ಹೊತ್ತಿಗೆ ಫ್ರಾನ್ಸಿನಲ್ಲಿ ಜೂಜಿಗೆ ನಿಷೇಧ ಇತ್ತು. 1863ರಲ್ಲಿ ಫ್ರಾಂಸ್ವಾ ಬ್ಲಾಂ ಅನ್ನುವ, ಜರ್ಮನಿಯ ಹೊಂಬುರ್ಗ್‌ನಲ್ಲಿ ಕ್ಯಾಸಿನೊ ನಡೆಸಿ ಪಳಗಿದ ಮನುಷ್ಯನಿಗೆ ಕೆಲಸ ವಹಿಸಿದ. ಆ ಗುಡ್ಡಕ್ಕೆ ರಾಜನ ಹೆಸರೇ ಇಟ್ಟರು, ಮಾಂಟೆ ಕಾರ್ಲೊ ಅಂದರೆ ಶಾರ್ಲ್ ಗುಡ್ಡ. ರೈಲು ಬಂದದ್ದೇ ಬಂದದ್ದು, ದುಡ್ಡು ಎಷ್ಟು ಸುರಿಯಿತು ಅಂದರೆ 1869ರಲ್ಲಿ ಪ್ರಜೆಗಳ ತೆರಿಗೆಯನ್ನೇ ತೆಗೆದುಹಾಕಿದರು. ಆದಾಯ ತೆರಿಗೆ ಇಲ್ಲ ಅಂತ ಈಗ ಜಗತ್ತಿನ ಶ್ರೀಮಂತರೆಲ್ಲ ಅಲ್ಲಿ ವಿಳಾಸ ಮಾಡಿಕೊಳ್ಳುವುದು ಅದಕ್ಕೇ. ಕೋಟ್ಯಧಿಪತಿಗಳಲ್ಲದ ಫ್ರೆಂಚರು ದಿನಾ ಬೆಳಗ್ಗೆ ನಿಮ್ಮದೇ ರೈಲಿನಲ್ಲಿ ನಿಂತುಕೊಂಡು ಅಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ. ಇನ್ನೊಂದು ಮಜಾ, ಮೊನಾಕೊದ ಪ್ರಜೆಗಳು ಮಾತ್ರ ಆ ಕ್ಯಾಸಿನೊದಲ್ಲಿ ಜೂಜಾಡುವ ಹಾಗಿಲ್ಲ. ಊರಿನವರು ಕಳೆದುಕೊಳ್ಳಬಾರದು, ಬಂದವರು ಕಳೆದುಕೊಳ್ಳಲಿ.

ಕ್ಯಾಸಿನೊ ಒಳಗೆ ಸೀರೆಯಲ್ಲಿ ಬಿಡುತ್ತಾರಾ ಅನ್ನುವ ಪ್ರಶ್ನೆ ಎಲ್ಲರೂ ಕೇಳುವುದೇ. ಧಾರಾಳವಾಗಿ ಬಿಡುತ್ತಾರೆ, ಒಳ್ಳೆ ಇಳಕಲ್ ಸೀರೆ ಉಟ್ಟು ಹೋಗಿ, ಬಾಗಿಲಲ್ಲಿ ನಿಂತವನೇ ಬಗ್ಗಿ ನಮಸ್ಕಾರ ಮಾಡುತ್ತಾನೆ. ತೊಂದರೆ ಆಗುವುದಿದ್ದರೆ ಯಜಮಾನರಿಗೆ, ಚಡ್ಡಿ, ಹವಾಯಿ ಚಪ್ಪಲಿ ಹಾಕಿಕೊಂಡು ಬಂದರೆ. ಬೆಳಗಿನ ಹೊತ್ತು ಜೂಜು ಇರುವುದಿಲ್ಲ, ಟಿಕೆಟ್ ತಗೊಂಡು ಒಳಗಿನ ಚಿತ್ರ, ದೀಪ ಎಲ್ಲ ನೋಡಿ ಬರಬಹುದು, ನಿಮಗೆ ಅದೇ ಸರಿ. ದುಡ್ಡು ಕೊಡುವುದೇ ಬೇಡ ಅಂದರೆ ಮುಂದಿನ ಹಜಾರದ ತನಕ ಸುಮ್ನೆ ಹೋಗಿ ಬನ್ನಿ. ಅದೇ ಕಟ್ಟಡದಲ್ಲಿ ಸಮುದ್ರದ ಕಡೆಗಿರುವ ಒಪೆರಾ ಮಂದಿರ ಕಟ್ಟಿದ್ದು ಪ್ಯಾರಿಸ್ ಒಪೆರಾ ಕಟ್ಟಿದ ಶಾರ್ಲ್ ಗಾರ್ನಿಯೇ. ಎದುರಿನ ಚೌಕದಲ್ಲಿ ಕಾರು ನೋಡಲು ಜನ ನಿಂತಿರುತ್ತಾರೆ. ಮಗಳು ಹೇಳಿದ ಸಾವಿರ ರೂಪಾಯಿ ಕಾಫಿ ಆ ಚೌಕದ್ದು. ನಾಲ್ಕು ಹೆಜ್ಜೆ ಕೆಳಗೆ ಬಂದರಿನ ಹತ್ತಿರ ಕೊಂದಾಮೀನ್ ಮಾರುಕಟ್ಟೆಯಲ್ಲಿ ಕೆಲಸದವರು ಕುಡಿಯುವ ಕಾಫಿ ಬೇರೆ ಯಾವ ಊರಿನ ರೇಟೋ ಅದೇ. ಸೊಕ್ಕಾವೂ ಸಿಗುತ್ತದೆ.

ರೇಸಿನ ರಸ್ತೆಗೆ ಟಿಕೆಟ್ ಇಲ್ಲ, ಗೇಟಿಲ್ಲ. ರೇಸ್ ಇಲ್ಲದ ದಿನ ಅದು ಬಸ್ಸು, ಹಾಲಿನ ವ್ಯಾನು ಓಡಾಡುವ ಮಾಮೂಲಿ ರಸ್ತೆ. ಒಂದು ಸುತ್ತು 3.337 ಕಿಲೋಮೀಟರ್, ರೇಸಿನಲ್ಲಿ 78 ಸುತ್ತು. ನಿಧಾನ ನಡೆದರೆ ಒಂದೂಕಾಲು ಗಂಟೆ. ಬಂದರಿನ ಪಕ್ಕದ ಆಲ್ಬರ್ಟ್ ರಸ್ತೆಯಿಂದ ಶುರು ಮಾಡಿ, ಮೊದಲ ತಿರುವಿನಲ್ಲಿ ಸಂತ ದೇವೋತ್‌ಳ ಪುಟ್ಟ ಇಗರ್ಜಿ, ಅಲ್ಲಿಂದ ಏರು ಹತ್ತಿ ಕ್ಯಾಸಿನೊ ಚೌಕ, ಇಳಿದರೆ ಹೇರ್‌ಪಿನ್ ತಿರುವು, ಆಮೇಲೆ ಹೋಟೆಲಿನ ಅಡಿಯ ಸುರಂಗ, ಹೊರಗೆ ಬಂದರೆ ಮತ್ತೆ ಬಂದರು. ಹೇರ್‌ಪಿನ್ ತಿರುವಿನ ಕೆಂಪು ಬಿಳಿ ಅಂಚುಕಲ್ಲು ವರ್ಷವಿಡೀ ಇರುತ್ತದೆ, ಯಜಮಾನರನ್ನು ಅಲ್ಲಿ ನಿಲ್ಲಿಸಿ ಒಂದು ಫೋಟೊ ತೆಗೆಯಿರಿ. 1929ರಿಂದ ನಡೆಯುತ್ತಿರುವ ರೇಸು, ರಸ್ತೆ ಎಷ್ಟು ಕಿರಿದು ಅಂತ ಕಣ್ಣಾರೆ ನೋಡಿದಾಗಲೇ ಗೊತ್ತಾಗೋದು, ಎರಡು ಕಾರು ಪಕ್ಕಪಕ್ಕ ಹೋಗುವುದೇ ಕಷ್ಟ ಅನ್ನಿಸುತ್ತದೆ. ಮಂಡಿಗೆ ಮೊನಾಕೊ ಒಳ್ಳೆಯ ಊರು, ಗುಡ್ಡದ ಊರಾದ್ದರಿಂದ ಬೀದಿಯಿಂದ ಬೀದಿಗೆ ಹತ್ತಾರು ಸಾರ್ವಜನಿಕ ಲಿಫ್ಟುಗಳಿವೆ, ಎಲ್ಲ ಬಿಟ್ಟಿ. ಬಂಡೆಯ ಮೇಲಿನ ಅರಮನೆಯ ಮುಂದೆ ಕಾವಲು ಬದಲಾಯಿಸುವುದು 11.55ಕ್ಕೆ. ಪಕ್ಕದಲ್ಲೇ 1910ರ ಸಮುದ್ರ ವಸ್ತುಸಂಗ್ರಹಾಲಯ, ಟಿಕೆಟ್ ಕೊಟ್ಟು ನೋಡುವ ಒಂದೇ ಜಾಗ ಆರಿಸಿಕೊಳ್ಳಿ ಅಂದರೆ ಇದನ್ನೇ ಹೇಳುತ್ತೇನೆ.

ಕಾನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇ ತಿಂಗಳ ಚಿತ್ರೋತ್ಸವ ಬಿಟ್ಟರೆ ಅದು ಅಂಗಡಿಗಳ ಊರು. ತಾರೆಯರು ಹತ್ತುವ ಆ ಮೆಟ್ಟಿಲು 24, ಹಿಂದಿರುವುದು ಸಾದಾ ಸಿಮೆಂಟ್ ಕಟ್ಟಡ, ನೋಡಿ "ಇಷ್ಟೇನಾ" ಅನ್ನದವರನ್ನು ನಾನು ಕಂಡಿಲ್ಲ. ಆದರೂ 2024ರಲ್ಲಿ ನಮ್ಮ ಚಿದಾನಂದ ಎಸ್. ನಾಯಕ್ ಅವರ ಕನ್ನಡ ಕಿರುಚಿತ್ರಕ್ಕೆ ಅಲ್ಲಿನ ವಿದ್ಯಾರ್ಥಿಗಳ ವಿಭಾಗದಲ್ಲಿ ಮೊದಲ ಬಹುಮಾನ ಬಂದ ಮೇಲೆ ನಮ್ಮವರು ಅಲ್ಲಿ ಸ್ವಲ್ಪ ಎದೆಯುಬ್ಬಿಸಿಯೇ ನಿಲ್ಲುತ್ತಾರೆ. ಕಾನ್‌ಗೆ ಹೋದರೆ ಅಲ್ಲಿಂದ ದೋಣಿ ಹಿಡಿದು ಕಾಲು ಗಂಟೆಯ ಸೇಂಟ್ ಮಾರ್ಗರೀತ್ ದ್ವೀಪಕ್ಕೆ ಹೋಗಿ, ನೀಲಗಿರಿ, ಪೈನ್ ಮರಗಳ ನೆರಳು. ಕಬ್ಬಿಣದ ಮುಖವಾಡದ ಕೈದಿ ಅಂತ ಕೇಳಿದ್ದೀರಲ್ಲ, ಅವನನ್ನು ಇಟ್ಟಿದ್ದ ಕೋಣೆ ಅಲ್ಲಿನ ಕೋಟೆಯಲ್ಲಿದೆ.

ಕಾನ್‌ಗಿಂತ ನನಗಿಷ್ಟ ಅದರ ಹಿಂದಿನ ಗುಡ್ಡದ ಗ್ರಾಸ್. ಕಾನ್‌ನಿಂದ ರೈಲಿನಲ್ಲಿ ಅರ್ಧ ಗಂಟೆ. ಸುಗಂಧದ ಊರು. ಮೊದಲು ಚರ್ಮ ಹದ ಮಾಡುವ ಊರಾಗಿತ್ತು, ಚರ್ಮದ ಕೈಗವಸಿನ ವಾಸನೆ ಅಡಗಿಸಲು ಹೂವಿನ ಎಣ್ಣೆ ಹಚ್ಚಲು ಶುರು ಮಾಡಿದರು. ಕೈಗವಸು ಹೋಗಿ ಸುಗಂಧ ಉಳಿಯಿತು. ಅಲ್ಲಿನ ಗದ್ದೆಗಳಲ್ಲಿ ಬೆಳೆಯುವ ಹೆಸರಾಂತ ಜಾಸ್ಮಿನ್ ಯಾವುದು ಗೊತ್ತಾ? ನಮ್ಮ ಜಾಜಿ! ಬಿಡಿಸುವುದು ಆಗಸ್ಟಿನಿಂದ ಅಕ್ಟೋಬರ್ ತನಕ, ಬಿಸಿಲೇರುವ ಮುಂಚೆ, ನಮ್ಮಲ್ಲಿ ಹೇಗೋ ಹಾಗೆ. ಹಳೇ ಕಾರ್ಖಾನೆಗಳು ಬಿಟ್ಟಿಯಾಗಿ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತವೆ. ಕೊನೆಗೆ ಅಂಗಡಿಯಲ್ಲಿ ತಂದು ನಿಲ್ಲಿಸುತ್ತಾರೆ, ಅಲ್ಲಿ ಗಟ್ಟಿಯಾಗಿರಿ. ಶ್ರೀಗಂಧದ ವಿಷಯ ಬಂದಾಗ ಮೈಸೂರಿನ ಹೆಸರು ಹೇಳಿ ನೋಡಿ, ಆ ಕಸುಬಿನವರಿಗೆಲ್ಲ ಗೊತ್ತು.

ಸಾಂ ತ್ರೊಪೇ ಕೈಬಿಡಿ. ರೈಲಿಲ್ಲ, ಒಂದೇ ರಸ್ತೆ, ಅದರಲ್ಲಿ ಅರ್ಧ ದಿನ ಹೋಗುತ್ತದೆ. ಎಜ್ ಅನ್ನುವ ಬೆಟ್ಟದ ಹಳ್ಳಿಗೆ ಹೋಗುವುದಾದರೆ ನೀಸ್‌ನಿಂದ ಬಸ್ಸಿನಲ್ಲೇ ಹೋಗಿ. ರೈಲಿನಲ್ಲಿ ಎಜ್ ಅಂತ ಸ್ಟೇಷನ್ ಬಂತು ಅಂತ ಇಳಿದರೆ ನೀವು ಸಮುದ್ರದ ಪಕ್ಕ, ಹಳ್ಳಿ ನಾನೂರು ಮೀಟರ್ ಮೇಲೆ. ಅಲ್ಲಿ ಇಳಿದು ಬೆಪ್ಪಾಗಿ ಮೇಲೆ ನೋಡುತ್ತಾ ನಿಂತವರನ್ನು ಪ್ರತಿ ಸಲವೂ ನೋಡುತ್ತೇನೆ. ಒಳಗೆಲ್ಲ ಕಲ್ಲಿನ ಮೆಟ್ಟಿಲೇ, ಮಂಡಿ ಕೇಳಿ ತೀರ್ಮಾನ ಮಾಡಿ.

ಕಳ್ಳರು? ಇದ್ದಾರೆ. ರೈಲಿನ ಬಾಗಿಲು ಮುಚ್ಚುವ ಕ್ಷಣದಲ್ಲಿ ಫೋನು ಕಿತ್ತುಕೊಂಡು ಇಳಿದು ಓಡುತ್ತಾರೆ. ನನ್ನ ಪರ್ಸೇ ಒಂದು ಸಲ ಹೋಗಿದೆ, ಗುಂಪಿನವರಿಗೆ ಹುಷಾರಾಗಿರಿ ಅಂತ ಭಾಷಣ ಮಾಡಿ ಹತ್ತು ನಿಮಿಷವೂ ಆಗಿರಲಿಲ್ಲ. ಬಂಗಾರದ ಸರ ಮಗಳ ಮನೆಯಲ್ಲೇ ಬಿಡಿ. ಪಾಸ್‌ಪೋರ್ಟ್ ರವಿಕೆಯೊಳಗಿನ ಚೀಲದಲ್ಲಿರಲಿ.

ಕೊನೆಗೆ ವೀಸಾ. ಇಲ್ಲಿ ಬಹಳ ಜನ ಎಡವುತ್ತಾರೆ. ಜರ್ಮನಿ, ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಷೆಂಗೆನ್ ವೀಸಾ, ಅದಕ್ಕೆ ಜಾಸ್ತಿ ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕು. ನೀವು ಎರಡು ವಾರ ಜರ್ಮನಿ, ಐದು ದಿನ ಫ್ರಾನ್ಸ್, ಹಾಗಾಗಿ ಜರ್ಮನಿಯದ್ದು. ಫ್ರಾನ್ಸಿಗೆ ಅರ್ಜಿ ಹಾಕಿ, ಟಿಕೆಟ್ ನೋಡಿದರೆ ಜರ್ಮನಿಯಲ್ಲೇ ಜಾಸ್ತಿ ದಿನ ಅಂತಾದರೆ ತಿರಸ್ಕಾರ ಮಾಡಬಹುದು. ಒಬ್ಬರಿಗೆ 90 ಯೂರೋ ಶುಲ್ಕ, ಮೇಲೆ ಏಜೆನ್ಸಿಯ ಸೇವಾ ಶುಲ್ಕ. 30 ಸಾವಿರ ಯೂರೋ ರಕ್ಷಣೆ ಇರುವ ಪ್ರಯಾಣ ವಿಮೆ ಕಡ್ಡಾಯ. ಆರು ತಿಂಗಳು ಮುಂಚೆಯೇ ಅರ್ಜಿ ಹಾಕಲು ಅವಕಾಶ ಇದೆ. ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಪಾಡು, ಏಪ್ರಿಲ್‌ನಲ್ಲೇ ಹಿಡಿದಿಟ್ಟುಕೊಳ್ಳಿ. ಪಿಂಚಣಿ ಬರುವ ಖಾತೆಯ ಸ್ಟೇಟ್‌ಮೆಂಟ್, ಮಗಳ ಆಹ್ವಾನ ಪತ್ರ, ನೀಸ್ ರೂಮಿನ ಬುಕಿಂಗ್ ಜೊತೆಗಿರಲಿ. ರೂಮು ಮಾತ್ರ ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥದ್ದನ್ನೇ ಹಿಡಿಯಿರಿ.

ಮತ್ತೆ ಆ ಕಲ್ಲಿನ ಮೇಲೆ ಓಡಾಡಲು ರಬ್ಬರ್ ಚಪ್ಪಲಿ ಸಾಲದು, ಜಾರುತ್ತದೆ. ನೀರಿನಲ್ಲಿ ಹಾಕಿಕೊಳ್ಳುವ ರಬ್ಬರ್ ಅಡಿಯ ಬಟ್ಟೆ ಶೂ ಇಲ್ಲೇ ಕೊಂಡುಕೊಳ್ಳಿ, ಅಲ್ಲಿ ತೀರದ ಅಂಗಡಿಯಲ್ಲಿ ದುಪ್ಪಟ್ಟು ಹೇಳುತ್ತಾರೆ.